ಊರಿಂದ ದೂರ ಬೈಕ್ ಕೈಕೊಟ್ಟರೆ: ರಿಪೇರಿ ಮತ್ತು ವಾರಂಟಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಲಡಾಖ್‌ಗೆ ಹೊರಟವರು, ಹುಬ್ಬಳ್ಳಿಯಿಂದ ಸ್ಪಿತಿಗೆ ಹೋಗುವವರು, ಮಳೆಗಾಲದಲ್ಲಿ ಸುಮ್ನೆ ಆಗುಂಬೆ ಕಡೆ ಒಂದು ಸುತ್ತು ಹಾಕಿ ಬರೋಣ ಅಂತ ಹೊರಟವರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ವಾರಂಟಿ ಇರುವ ಬೈಕು ಗೊತ್ತಿಲ್ಲದ ಊರಲ್ಲಿ ನಿಂತಾಗ ಸ್ಪ್ಯಾನರ್‌ಗಿಂತ ಜಾಸ್ತಿ ಕೆಲಸಕ್ಕೆ ಬರುವುದು ಕಾಗದ. ಏನಾಯಿತು, ಯಾರು ನೋಡಿದರು, ಏನು ಹೇಳಿದರು ಎಂಬುದು ಬರಹದಲ್ಲಿ ಇರಬೇಕು. ಕೆಳಗಿನ ಉತ್ತರಗಳಲ್ಲಿ ಇದೇ ಮಾತು ಮತ್ತೆ ಮತ್ತೆ ಬರುತ್ತದೆ.

ಬೈಕ್ ರಸ್ತೆ ಮಧ್ಯದಲ್ಲೇ ನಿಂತಿತು. ಮೊದಲು ಏನು ಮಾಡಬೇಕು?

ಬೈಕ್ ಬಿಡಿ, ಮೊದಲು ನೀವು ಬದಿಗೆ ಸರಿಯಿರಿ. ಶಿರಾಡಿ, ಚಾರ್ಮಾಡಿಯಂಥ ಘಾಟಿಯ ತಿರುವಿನಲ್ಲಿ ಕೆಳಗಿಳಿಯುವ ಟ್ಯಾಂಕರ್‌ಗೆ ನೀವು ಕಾಣುವುದೇ ಕೊನೆಯ ಗಳಿಗೆಯಲ್ಲಿ. ನೂಟ್ರಲ್‌ಗೆ ಹಾಕಿ, ತಿರುವು ದಾಟಿಸಿ, ಎರಡೂ ಕಡೆಯಿಂದ ಕಾಣುವ ಜಾಗಕ್ಕೆ ತಳ್ಳಿಕೊಂಡು ಹೋಗಿ. ತಡೆಗೋಡೆ ಇದ್ದರೆ ಅದರ ಆಚೆ ನಿಲ್ಲಿ. ಬೈಕ್ ಪಕ್ಕದಲ್ಲಿ ಕೂತು ಫೋನ್ ನೋಡುವುದು ಬೇಡವೇ ಬೇಡ. ಲಾರಿಯವರು ಮಾಡುವ ಹಾಗೆ ಸ್ವಲ್ಪ ಹಿಂದೆ ಸೊಪ್ಪಿನ ಕೊಂಬೆ ಇಡಬಹುದು. ಕಲ್ಲು ಮಾತ್ರ ಇಡಬೇಡಿ. ಇಟ್ಟವರು ತೆಗೆಯದೆ ಹೋದರೆ ರಾತ್ರಿ ಇನ್ನೊಬ್ಬ ಬೈಕ್ ಸವಾರ ಅದಕ್ಕೇ ಬಡಿದು ಬೀಳುತ್ತಾನೆ.

ರಾಷ್ಟ್ರೀಯ ಹೆದ್ದಾರಿ ಆಗಿದ್ದರೆ 1033ಕ್ಕೆ ಕರೆ ಮಾಡಿ. ಅದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಪ್ರಾಣಕ್ಕೆ ಅಪಾಯ, ಗಾಯ, ಅಥವಾ ರಾತ್ರಿ ಹೊತ್ತು ಭಯ ಅನ್ನಿಸುವ ಜಾಗ ಆದರೆ 112. ಕರೆ ಮಾಡುವ ಮೊದಲು ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ ನೋಡಿಕೊಳ್ಳಿ. "ಹಾಸನ ದಾಟಿ ಸ್ವಲ್ಪ ಮುಂದೆ" ಅಂದರೆ ಯಾರಿಗೂ ಅಂದಾಜು ಸಿಗುವುದಿಲ್ಲ.

ಮೆಕ್ಯಾನಿಕ್ ಹುಡುಕುವ ಮೊದಲು ನಾನೇ ಏನೇನು ನೋಡಬಹುದು?

ಬಿಚ್ಚದೆ ನೋಡಬಹುದಾದದ್ದನ್ನೆಲ್ಲ ನೋಡಿ. ಹ್ಯಾಂಡಲ್ ಮೇಲಿನ ಕಿಲ್ ಸ್ವಿಚ್ (ಎಂಜಿನ್ ನಿಲ್ಲಿಸುವ ಬಟನ್) ಆಫ್ ಆಗಿದೆಯಾ? ಸೈಡ್ ಸ್ಟ್ಯಾಂಡ್ ಪೂರ್ತಿ ಮೇಲೆ ಹೋಗಿದೆಯಾ? ಈಗಿನ ಬಹಳಷ್ಟು ಬೈಕ್‌ಗಳಲ್ಲಿ ಸ್ಟ್ಯಾಂಡ್ ಕೆಳಗಿದ್ದರೆ ಗೇರ್ ಹಾಕಿದ ಕೂಡಲೇ ಎಂಜಿನ್ ನಿಲ್ಲುತ್ತದೆ. ಸ್ಟ್ಯಾಂಡಿನ ಸ್ವಿಚ್‌ಗೆ ಕೆಸರು ಮೆತ್ತಿಕೊಂಡರೂ ಹಾಗೇ ಆಗುತ್ತದೆ. ನೀರು ಹಾಕಿ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ.

ಬೈಕ್ ಬಿದ್ದು ಎತ್ತಿದ ಮೇಲೆ ಸ್ಟಾರ್ಟ್ ಆಗುತ್ತಿಲ್ಲವಾ? ಫ್ಯೂಯಲ್ ಇಂಜೆಕ್ಷನ್ ಬೈಕ್‌ಗಳಲ್ಲಿ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಬೈಕ್‌ಗಳಲ್ಲಿ, ಬೈಕ್ ಮಗುಚಿದ್ದನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಬಿದ್ದ ಕೂಡಲೇ ಅದು ಎಂಜಿನ್ ನಿಲ್ಲಿಸುತ್ತದೆ. ಕೀ ಪೂರ್ತಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆನ್ ಮಾಡಿ. ಇಷ್ಟು ಗೊತ್ತಿಲ್ಲದೆ ಬೈಕನ್ನು ಗೂಡ್ಸ್ ಗಾಡಿಗೆ ಹತ್ತಿಸಿದವರಿದ್ದಾರೆ.

ಕೀ ಆನ್ ಮಾಡಿದಾಗ ಟ್ಯಾಂಕಿನ ಕಡೆಯಿಂದ ಒಂದೆರಡು ಸೆಕೆಂಡ್ "ಝುಂಯ್" ಅಂತ ಸದ್ದು ಬರುತ್ತದಲ್ಲ, ಅದು ಪೆಟ್ರೋಲ್ ಪಂಪ್. ಆ ಸದ್ದು ಇಲ್ಲದಿದ್ದರೆ ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನ ಬಿಡಿ ಫ್ಯೂಸ್ ಹಾಕಿ. ಮತ್ತೆ ಸುಟ್ಟರೆ ನಿಲ್ಲಿಸಿಬಿಡಿ. ಜಾಸ್ತಿ ಆಂಪಿಯರ್‌ದು ಹಾಕಬೇಡಿ, ತಂತಿ ಸುತ್ತಲೂ ಬೇಡಿ, ವೈರಿಂಗ್ ಪೂರ್ತಿ ಸುಟ್ಟು ಹೋದೀತು. ಬ್ಯಾಟರಿ ಟರ್ಮಿನಲ್ ಸಡಿಲವಾಗಿದೆಯಾ ಅಂತಲೂ ಕೈಯಾಡಿಸಿ ನೋಡಿ. ಕಲ್ಲುಮಣ್ಣಿನ ದಾರಿಯಲ್ಲಿ ದಿನಗಟ್ಟಲೆ ಓಡಿದ ಬೈಕ್‌ಗಳಲ್ಲಿ ಇದು ತುಂಬಾ ಸಾಮಾನ್ಯ.

ಬ್ಯಾಟರಿ ಪೂರ್ತಿ ಸತ್ತಿದ್ದರೆ ಹಳೆಯ ಬೈಕ್‌ಗಳ ಹಾಗೆ ತಳ್ಳಿ ಸ್ಟಾರ್ಟ್ ಮಾಡಲು ಆಗುವುದಿಲ್ಲ. ಪಂಪ್‌ಗೂ ಇಂಜೆಕ್ಟರ್‌ಗೂ ಕರೆಂಟ್ ಬೇಕು.

ಏನೇ ಮಾಡುವ ಮೊದಲು ಮೀಟರ್ ಮೇಲೆ ಉರಿಯುತ್ತಿರುವ ದೀಪಗಳು, ಓಡೋಮೀಟರ್ ಅಂಕಿ, ಬೈಕ್ ನಿಂತ ಜಾಗ, ಎಣ್ಣೆ ಸೋರಿದ್ದರೆ ಅದು, ಎಲ್ಲದರ ವಿಡಿಯೋ ಮಾಡಿಕೊಳ್ಳಿ. ವಿಚಿತ್ರ ಸದ್ದು ಬರುತ್ತಿದ್ದರೆ ಅದನ್ನೂ ರೆಕಾರ್ಡ್ ಮಾಡಿ. ಸರ್ವಿಸ್ ಸೆಂಟರ್ ಮುಟ್ಟುವ ಹೊತ್ತಿಗೆ ಆ ಸದ್ದು ಮಾಯವಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ ಅಲ್ವಾ!

ಲಡಾಖ್‌ನಲ್ಲಿ ಬೈಕ್ ಎಳೆಯುತ್ತಲೇ ಇಲ್ಲ. ಎಂಜಿನ್ ಹೋಯಿತಾ?

ಬಹುಶಃ ಇಲ್ಲ. ಖರ್ದುಂಗ್ ಲಾ 5,359 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ. ನಿಮಗೆ ಉಸಿರು ಸಾಲದ ಹಾಗೆ ಎಂಜಿನ್‌ಗೂ ಗಾಳಿ ಸಾಲುವುದಿಲ್ಲ. ಕಾರ್ಬ್ಯುರೇಟರ್ ಬೈಕ್ ಕಪ್ಪು ಹೊಗೆ ಬಿಡುತ್ತದೆ. ಇಂಜೆಕ್ಷನ್ ಬೈಕ್ ಪೆಟ್ರೋಲ್ ಪ್ರಮಾಣ ತಾನೇ ಸರಿಮಾಡಿಕೊಳ್ಳುತ್ತದೆ, ಆದರೆ ಇಲ್ಲದ ಶಕ್ತಿಯನ್ನು ಎಲ್ಲಿಂದ ತರಬೇಕು? ಮೊದಲ ಗೇರಿನಲ್ಲಿ ಸಮಾಧಾನವಾಗಿ ಹತ್ತಿಸಿ. ಅರ್ಧ ಕ್ಲಚ್ ಹಿಡಿದು ಎಂಜಿನ್ ಕೂಗಿಸಿದರೆ ಕ್ಲಚ್ ಪ್ಲೇಟ್ ಸುಡುತ್ತದೆ, ಅದಕ್ಕೆ ವಾರಂಟಿ ಸಿಗುವುದಿಲ್ಲ. ಕೆಳಗಿಳಿದ ಮೇಲೂ ಬೈಕ್ ಎಳೆಯದಿದ್ದರೆ ಆಗ ಯೋಚನೆ ಮಾಡಿ.

ಹಳ್ಳ ದಾಟುವಾಗ ನೀರಿನಲ್ಲಿ ಎಂಜಿನ್ ಆಫ್ ಆಯಿತು.

ಸ್ಟಾರ್ಟ್ ಬಟನ್ ಒತ್ತಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು. ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಡಕ್ಕೆ ತಳ್ಳಿ, ಏರ್ ಫಿಲ್ಟರ್ ಬಾಕ್ಸ್‌ನಲ್ಲಿ ನೀರಿದೆಯಾ ನೋಡಿ, ಸ್ಪಾರ್ಕ್ ಪ್ಲಗ್ ತೆಗೆಸಿ ನೀರು ಹೊರಹಾಕಿಸಿ. ಆಮೇಲೇ ಸ್ಟಾರ್ಟ್ ಮಾಡಿ. ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಅದರಲ್ಲಿ ಓಡಿಸಬೇಡಿ. ನೀರು ಹೊಕ್ಕು ಆದ ಹಾನಿ ವಾರಂಟಿಗೆ ಬರುವುದಿಲ್ಲ. ಮಾಮೂಲಿ ಇನ್ಶೂರೆನ್ಸ್‌ನಲ್ಲೂ ಕಷ್ಟ, ಎಂಜಿನ್ ರಕ್ಷಣೆಯ ಆಡ್-ಆನ್ ತೆಗೆದುಕೊಂಡಿದ್ದರೆ ಉಂಟು. ಮನಾಲಿ–ಲೇಹ್ ದಾರಿಯ ಹಳ್ಳಗಳನ್ನು ಬೆಳಿಗ್ಗೆ ಬೇಗ ದಾಟಿ. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನ ನೀರು ಏರುತ್ತದೆ.

ಬೆಂಗಳೂರಲ್ಲಿ ಕೊಂಡ ಬೈಕ್. ಬೇರೆ ರಾಜ್ಯದ ಶೋರೂಂನವರು ವಾರಂಟಿಯಲ್ಲಿ ರಿಪೇರಿ ಮಾಡಬೇಕಾ?

ಮಾಡಬೇಕು. ವಾರಂಟಿ ಕೊಟ್ಟಿರುವುದು ಕಂಪನಿ, ನಿಮ್ಮ ಡೀಲರ್ ಅಲ್ಲ. ಭಾರತದಲ್ಲಿ ಮಾರಿದ ಬೈಕಿಗೆ ಆ ಕಂಪನಿಯ ಯಾವ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೂ ವಾರಂಟಿ ಕೆಲಸ ಆಗುತ್ತದೆ. ಚಾಸಿ ನಂಬರ್ ಹೊಡೆದರೆ ಬೈಕ್ ಮಾರಾಟವಾದ ದಿನ, ಆದ ಸರ್ವಿಸ್‌ಗಳು ಅವರ ಕಂಪ್ಯೂಟರ್‌ನಲ್ಲೇ ಕಾಣುತ್ತವೆ. "ಕೊಂಡಲ್ಲೇ ಹೋಗಿ" ಅನ್ನುವುದು ಕೆಲಸ ತಪ್ಪಿಸಿಕೊಳ್ಳುವ ಮಾತು. ಅವರ ಎದುರೇ ಕಂಪನಿಯ ಕಸ್ಟಮರ್ ಕೇರ್‌ಗೆ ಕರೆ ಮಾಡಿ, ದೂರಿನ ಸಂಖ್ಯೆ ಪಡೆದುಕೊಳ್ಳಿ. ಸಾಮಾನ್ಯವಾಗಿ ಅಷ್ಟಕ್ಕೇ ಧಾಟಿ ಬದಲಾಗುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. ಬೆಂಗಳೂರಿನಿಂದ ಲೇಹ್‌ಗೆ 3,000 ಕಿಲೋಮೀಟರ್‌ಗೂ ಜಾಸ್ತಿ. ಹೋಗಿ ಬರುವಷ್ಟರಲ್ಲಿ ಒಂದು ಸರ್ವಿಸ್‌ನ ಗಡಿ ದಾಟುವ ಸಾಧ್ಯತೆ ಇದೆ. ಹಾಗಿದ್ದರೆ ದಾರಿಯಲ್ಲೇ ಯಾವುದಾದರೂ ಅಧಿಕೃತ ಸೆಂಟರ್‌ನಲ್ಲಿ ಮಾಡಿಸಿ. ತಪ್ಪಿದ ಸರ್ವಿಸ್ ತೋರಿಸಿ ವಾರಂಟಿ ನಿರಾಕರಿಸುವುದು ಬಹಳ ಸುಲಭ.

ಹತ್ತಿರ ಅಧಿಕೃತ ಸೆಂಟರ್ ಇಲ್ಲ. ಲೋಕಲ್ ಮೆಕ್ಯಾನಿಕ್ ಕೈಹಾಕಿದರೆ ವಾರಂಟಿ ಹೋಗುತ್ತಾ?

ಪಂಕ್ಚರ್, ಕ್ಲಚ್ ಕೇಬಲ್, ಲಿವರ್, ಚೈನ್ ಬಿಗಿ ಮಾಡುವುದು, ಬಲ್ಬ್, ಫ್ಯೂಸ್ – ಇವನ್ನೆಲ್ಲ ಧೈರ್ಯವಾಗಿ ಮಾಡಿಸಿ. ಸಣ್ಣ ಊರಿನ ಮೆಕ್ಯಾನಿಕ್‌ಗಳ ಕೈಚಳಕ ನೋಡಿದವರಿಗೆ ಅವರ ಮೇಲೆ ಗೌರವ ಇದ್ದೇ ಇರುತ್ತದೆ. ಎಂಜಿನ್, ಗೇರ್‌ಬಾಕ್ಸ್, ಇಂಜೆಕ್ಷನ್, ವೈರಿಂಗ್ ಹಾರ್ನೆಸ್ (ವೈರ್‌ಗಳ ಕಟ್ಟು) ಮಾತ್ರ ಬಿಚ್ಚಲು ಬಿಡಬೇಡಿ. ಸೀಲ್ ಒಡೆದ ಎಂಜಿನ್ ನೋಡಿದ ಕೂಡಲೇ ಸರ್ವಿಸ್ ಸೆಂಟರ್‌ನವರು "ಹೊರಗಡೆ ಕೈಹಾಕಿಸಿದ್ದೀರಿ" ಅಂತ ಬರೆದು ಮುಗಿಸುತ್ತಾರೆ.

ಇಲ್ಲಿ ಒಂದು ಹಿನ್ನೆಲೆ ಇದೆ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ವಿರುದ್ಧ ಆದೇಶ ಕೊಟ್ಟಿತು. ಹೊರಗಡೆ ರಿಪೇರಿ ಮಾಡಿಸಿದ್ದಕ್ಕೆ ಇಡೀ ವಾರಂಟಿ ರದ್ದು ಅನ್ನುವಂತಿಲ್ಲ, ಹೊರಗಿನ ತಪ್ಪು ರಿಪೇರಿಯಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂತ ಅದರಲ್ಲಿ ಹೇಳಿತ್ತು. ಅದು ಕಾರುಗಳ ಪ್ರಕರಣ. ಬೈಕ್ ಕೌಂಟರಿನಲ್ಲಿ ಅದನ್ನೇ ಕಾನೂನು ಅಂತ ತೋರಿಸಲಾಗದು. ಆದರೆ ಅದರ ತರ್ಕ ಸರಿಯಾಗಿದೆ, ಮುಂದೆ ದೂರು ಬರೆಯುವಾಗ ಕೆಲಸಕ್ಕೆ ಬರುತ್ತದೆ. ಕ್ಲಚ್ ಕೇಬಲ್ ಹೊರಗೆ ಹಾಕಿಸಿದ್ದಕ್ಕೆ ಪೆಟ್ರೋಲ್ ಪಂಪ್ ವಾರಂಟಿ ಕೊಡುವುದಿಲ್ಲ ಅಂದರೆ ಒಪ್ಪಬೇಕಾಗಿಲ್ಲ.

ಲೋಕಲ್ ಮೆಕ್ಯಾನಿಕ್ ಹತ್ತಿರವೂ ಒಂದು ಚೀಟಿ ಬರೆಸಿಕೊಳ್ಳಿ. ದಿನಾಂಕ, ಮಾಡಿದ ಕೆಲಸ, ತೆಗೆದುಕೊಂಡ ಹಣ, ಇಷ್ಟಿದ್ದರೆ ಸಾಕು. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ.

ಜಾಬ್ ಕಾರ್ಡ್ ಯಾಕೆ ಅಷ್ಟು ಮುಖ್ಯ? ಅದರಲ್ಲಿ ಏನು ಬರೆಸಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ.

ಜಾಬ್ ಕಾರ್ಡ್ ಅಂದರೆ ನಿಮ್ಮ ಬೈಕ್ ಇಂಥ ದಿನ, ಇಂಥ ದೂರಿನೊಂದಿಗೆ, ಇಷ್ಟು ಕಿಲೋಮೀಟರ್ ಓಡಿದ ಸ್ಥಿತಿಯಲ್ಲಿ ಅವರ ಕೈಗೆ ಬಂತು ಎಂಬ ದಾಖಲೆ. ಅದು ಇಲ್ಲದಿದ್ದರೆ ನೀವು ಅಲ್ಲಿಗೆ ಹೋಗಿದ್ದಕ್ಕೇ ಸಾಕ್ಷಿ ಇಲ್ಲ. ವಾರಂಟಿ ಅವಧಿ ಮುಗಿಯಲು ಕೆಲವೇ ದಿನ ಉಳಿದಿದ್ದರಂತೂ ಆ ಕಾರ್ಡಿನ ಮೇಲಿನ ದಿನಾಂಕವೇ ನಿಮ್ಮನ್ನು ಕಾಯುತ್ತದೆ.

ನಮ್ಮ ಜೊತೆ ಬಂದಿದ್ದ ಗೆಳೆಯನ ಬೈಕ್ ನಾಗ್ಪುರ ದಾಟಿ, ಪೆಂಚ್ ಕಾಡಿನ ಹೆದ್ದಾರಿ ಮುಗಿಸಿ, ಸಿವನಿ ಹತ್ತಿರ ನಿಂತಿತು. ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ. ಸರ್ವಿಸ್ ಸೆಂಟರ್‌ನವರು ಬೈಕ್ ಬಿಟ್ಟು ಹೋಗಿ, ನೋಡಿ ಫೋನ್ ಮಾಡುತ್ತೇವೆ ಅಂದರು. ಕಾರ್ಡ್ ಕೇಳಿದರೆ "ಕೆಲಸ ಶುರುವಾದ ಮೇಲೆ ಮಾಡುತ್ತೇವೆ" ಅಂತ ಉತ್ತರ. ಗೆಳೆಯ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಕಾರ್ಡ್ ಬಂತು. ಮರುದಿನ "ಬ್ಯಾಟರಿ ಹಳೆಯದು, ಹೊಸದು ಹಾಕಿಸಿ" ಅಂದಾಗ ಅದೇ ಕಾರ್ಡ್ ತೋರಿಸಿ, ಎಂಜಿನ್ ಓಡುವಾಗ ವೋಲ್ಟೇಜ್ ಎಷ್ಟು ಬರುತ್ತಿದೆ ಅಂತ ಅಳೆದು ಬರೆಯಿರಿ ಅಂದ. ಸರಿಯಿರುವ ಬೈಕಿನಲ್ಲಿ ಅದು 14ರ ಆಸುಪಾಸು ಇರಬೇಕು. ಅಲ್ಲಿ 12 ದಾಟಲಿಲ್ಲ. ಕೆಟ್ಟಿದ್ದು ರೆಗ್ಯುಲೇಟರ್ ರೆಕ್ಟಿಫೈಯರ್, ಅಂದರೆ ಬ್ಯಾಟರಿಗೆ ಹೋಗುವ ಕರೆಂಟನ್ನು ಹದಕ್ಕೆ ತರುವ ಭಾಗ. ಅದಕ್ಕೆ ವಾರಂಟಿ ಇತ್ತು. ಸುಮ್ಮನೆ ಹೊಸ ಬ್ಯಾಟರಿಗೆ ದುಡ್ಡು ಕೊಟ್ಟು ಹೊರಟಿದ್ದರೆ ಝಾನ್ಸಿ ಮುಟ್ಟುವ ಮೊದಲೇ ಅದೂ ಇಳಿದು ಹೋಗುತ್ತಿತ್ತು.

ಬರೆಸುವಾಗ ನಿಮ್ಮ ದೂರು ನಿಮ್ಮ ಮಾತಿನಲ್ಲೇ ಇರಲಿ. "ಜನರಲ್ ಚೆಕಪ್" ಅಂತ ಬರೆದರೆ ಒಪ್ಪಬೇಡಿ. "ಓಡುತ್ತಿರುವಾಗ ಎಂಜಿನ್ ತಾನೇ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್ ಆಗುತ್ತದೆ" ಎಂಬಂತೆ ಇರಬೇಕು. ಓಡೋಮೀಟರ್, ಪೆಟ್ರೋಲ್ ಮಟ್ಟ, ಆಗಲೇ ಇರುವ ಗೀರುಗಳು, ಬೈಕಿನಲ್ಲೇ ಬಿಟ್ಟ ಸಾಮಾನು, ವಾರಂಟಿ ಕೆಲಸ ಎಂಬ ಉಲ್ಲೇಖ, ಮುಗಿಯುವ ಅಂದಾಜು ದಿನ, ಇವೆಲ್ಲ ಸೇರಬೇಕು. ಪ್ರತಿ ಅಥವಾ ಫೋಟೋ ನಿಮ್ಮ ಹತ್ತಿರ ಇರಲಿ. "ನಿಮ್ಮನ್ನು ಕೇಳದೆ ಹಣದ ಕೆಲಸ ಯಾವುದೂ ಮಾಡುವುದಿಲ್ಲ" ಅಂತ ಒಂದು ಸಾಲು ಬರೆಸಿಬಿಡಿ. ಬೇರೆ ಊರಿನ ನಂಬರ್ ಪ್ಲೇಟ್ ಕಂಡರೆ ಬಿಲ್ ಬೆಳೆಯುವುದುಂಟು.

ವಾರಂಟಿಯಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ?

ತಯಾರಿಕೆಯ ದೋಷ ಬರುತ್ತದೆ, ಸವೆತ ಬರುವುದಿಲ್ಲ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಚೈನ್ ಸ್ಪ್ರಾಕೆಟ್, ಕೇಬಲ್, ಬಲ್ಬ್, ಫಿಲ್ಟರ್, ರಬ್ಬರ್ ಭಾಗಗಳು ಸವೆತದ ಪಟ್ಟಿಯವು. ಟೈರ್ ಮತ್ತು ಬ್ಯಾಟರಿಗೆ ಅವುಗಳ ತಯಾರಕರದೇ ಬೇರೆ ವಾರಂಟಿ. ವಾರಂಟಿ ಕೆಲಸಕ್ಕಾಗಿ ಎಂಜಿನ್ ಬಿಚ್ಚಿದರೂ ಆಯಿಲ್, ಕೂಲೆಂಟ್‌ಗೆ ನಿಮ್ಮಿಂದ ಹಣ ಕೇಳಬಹುದು, ಅದು ಮೋಸವಲ್ಲ. ವಾರಂಟಿಯಲ್ಲಿ ಬದಲಾಯಿಸಿದ ಹಳೆಯ ಭಾಗ ಕಂಪನಿಗೆ ವಾಪಸ್ ಹೋಗುತ್ತದೆ, ನಿಮಗೆ ಕೊಡುವುದಿಲ್ಲ. ಆದರೆ ಹಣ ಕೊಟ್ಟು ಬದಲಾಯಿಸಿದ ಭಾಗವನ್ನು ಕೇಳಿ ತೆಗೆದುಕೊಳ್ಳಿ.

ಹೊರಗಡೆ ಹಾಕಿಸಿದ ಫಾಗ್ ಲೈಟ್, ಜೋರು ಹಾರ್ನ್ ಬಗ್ಗೆ ಎಚ್ಚರ ಇರಲಿ. ಅವುಗಳಿಗಾಗಿ ಮೂಲ ವೈರ್ ಕತ್ತರಿಸಿದ್ದರೆ ಕರೆಂಟಿಗೆ ಸಂಬಂಧಿಸಿದ ಯಾವ ಕ್ಲೇಮ್ ಕೂಡ ತಿರಸ್ಕಾರವಾಗಬಹುದು. ರಿಲೇ (ಕರೆಂಟ್‌ನಿಂದಲೇ ಕೆಲಸ ಮಾಡುವ ಸ್ವಿಚ್) ಇರುವ ಪ್ರತ್ಯೇಕ ಹಾರ್ನೆಸ್ ಹಾಕಿಸಿ.

"ಇದು ನೀವು ಓಡಿಸಿದ ರೀತಿಯಿಂದ ಆದದ್ದು, ವಾರಂಟಿ ಇಲ್ಲ" ಅಂತಾರೆ. ಏನು ಮಾಡಲಿ?

ಜಗಳ ಬೇಡ. "ಕಾರಣವನ್ನು ಬರವಣಿಗೆಯಲ್ಲಿ ಕೊಡಿ" ಅನ್ನಿ. ಏರಿಯಾ ಸರ್ವಿಸ್ ಮ್ಯಾನೇಜರ್ ಯಾರು ಅಂತ ಕೇಳಿ. ಅವರು ಕಂಪನಿಯ ಕಡೆಯವರು, ಡೀಲರ್‌ನ ನೌಕರರಲ್ಲ. ಬಿಚ್ಚಿದ ಭಾಗದ ಫೋಟೋ ತೆಗೆದು, ಚಾಸಿ ನಂಬರ್, ಜಾಬ್ ಕಾರ್ಡ್ ನಂಬರ್ ಸೇರಿಸಿ ಕಂಪನಿಗೆ ಅವತ್ತೇ ಇಮೇಲ್ ಕಳಿಸಿ. ಊರಿಗೆ ಮರಳಲೇಬೇಕು, ಬೇರೆ ದಾರಿಯೇ ಇಲ್ಲ ಅಂದರೆ ಹಣ ಕೊಟ್ಟು ಬಿಡಿಸಿಕೊಳ್ಳಿ, ಆದರೆ ಬಿಲ್ ಮೇಲೆ "ಆಕ್ಷೇಪಣೆ ಇಟ್ಟುಕೊಂಡೇ ಹಣ ಕೊಟ್ಟಿದ್ದೇನೆ" ಅಂತ ಬರೆದು ಸಹಿ ಹಾಕಿ, ಫೋಟೋ ತೆಗೆದುಕೊಳ್ಳಿ. ನಗದು ಬೇಡ, ಯುಪಿಐನಲ್ಲಿ ಕೊಡಿ.

ಪಾರ್ಟ್ ಬರಲು ವಾರಗಟ್ಟಲೆ ಬೇಕಂತೆ. ರಜೆ ಮುಗಿಯುತ್ತಿದೆ.

ಮೊದಲು ಅವರು ನಿಜವಾಗಿ ಆರ್ಡರ್ ಹಾಕಿದ್ದಾರಾ ನೋಡಿ. ಆರ್ಡರ್ ನಂಬರ್ ಕೇಳಿ. ಆಮೇಲೆ ಪಾರ್ಟ್ ನಂಬರ್ ತೆಗೆದುಕೊಂಡು ನಿಮ್ಮ ಊರಿನ ಡೀಲರ್‌ಗೂ, ದಾರಿಯ ದೊಡ್ಡ ಊರುಗಳ ಡೀಲರ್‌ಗಳಿಗೂ ಫೋನ್ ಮಾಡಿ. ಒಂದು ಕಡೆ ಸ್ಟಾಕ್ ಇಲ್ಲದ್ದು ಇನ್ನೊಂದು ಕಡೆ ಕಪಾಟಿನಲ್ಲಿ ಕೂತಿರುತ್ತದೆ. ಆದರೆ ನೀವೇ ಹಣ ಕೊಟ್ಟು ತರಿಸುವ ಮೊದಲು, ಅದನ್ನು ವಾರಂಟಿಯಲ್ಲಿ ಸರಿದೂಗಿಸುತ್ತಾರಾ ಅಂತ ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ.

ಲೇಹ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಅಲ್ಲೇ ಬಾಡಿಗೆ ಬೈಕ್ ತೆಗೆದುಕೊಂಡು ನುಬ್ರಾ, ಪ್ಯಾಂಗಾಂಗ್ ನೋಡಿ ಬನ್ನಿ. ಮನಾಲಿಯಿಂದ ಬಾಡಿಗೆಗೆ ತಂದ ಬೈಕಿನಲ್ಲಿ ಅಲ್ಲಿ ಸುತ್ತಲು ಸ್ಥಳೀಯರು ಬಿಡುವುದಿಲ್ಲ, ಅದು ಗೊತ್ತಿರಲಿ.

ಬೈಕನ್ನು ಸರ್ವಿಸ್ ಸೆಂಟರ್‌ಗೆ, ಅಥವಾ ಊರಿಗೆ ಸಾಗಿಸುವುದು ಹೇಗೆ?

ಹಗ್ಗ ಕಟ್ಟಿ ಎಳೆಸಬೇಡಿ. ಇನ್ನೊಂದು ಬೈಕಿನವರು ಕಾಲು ಕೊಟ್ಟು ತಳ್ಳುವುದು ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ದೂರಕ್ಕೆ ಆದೀತು, ಘಾಟಿಯಲ್ಲಿ ಖಂಡಿತ ಬೇಡ. ಗೂಡ್ಸ್ ಆಟೋ, ಟಾಟಾ ಏಸ್ ಎಲ್ಲೆಲ್ಲೂ ಸಿಗುತ್ತವೆ. ಮುಂದಿನ ಚಕ್ರ ಕ್ಯಾಬಿನ್ ಗೋಡೆಗೆ ಒತ್ತಿ ನಿಲ್ಲಲಿ, ಗೇರಿನಲ್ಲಿರಲಿ, ಫೋರ್ಕಿನ ಎರಡೂ ಕಡೆಯಿಂದ ಹಗ್ಗ ಬಿಗಿಯಿರಿ. ಹಗ್ಗ ತಾಗುವಲ್ಲಿ ಬಟ್ಟೆ ಸುತ್ತಿ.

ಊರಿಗೇ ಕಳಿಸುವುದಾದರೆ ರೈಲ್ವೆ ಪಾರ್ಸೆಲ್ ಒಳ್ಳೆಯ ದಾರಿ. ಆರ್‌ಸಿ ಪ್ರತಿ, ಗುರುತಿನ ಚೀಟಿ ಬೇಕು. ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಸ್ಟೇಷನ್ ಹತ್ತಿರವೇ ಗೋಣಿಚೀಲ, ಹುಲ್ಲು ಸುತ್ತಿ ಪ್ಯಾಕ್ ಮಾಡುವವರು ಸಿಗುತ್ತಾರೆ. ಕನ್ನಡಿ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ. ಆದರೆ ಕೆಟ್ಟ ಬೈಕನ್ನು ಊರಿಗೆ ಕಳಿಸುವ ಮೊದಲು ಹತ್ತಿರದ ಅಧಿಕೃತ ಸೆಂಟರ್‌ನಲ್ಲಿ ದೂರು ದಾಖಲಾಗಿರಲಿ. ಇಲ್ಲದಿದ್ದರೆ "ಸಾಗಾಟದಲ್ಲಿ ಹಾಳಾಗಿದೆ" ಎಂಬ ಮಾತು ಬರುತ್ತದೆ.

ಇನ್ಶೂರೆನ್ಸ್ ಇದೆಯಲ್ಲ, ಸಾಲದಾ?

ಇನ್ಶೂರೆನ್ಸ್ ಅಪಘಾತಕ್ಕೆ, ಕಳವಿಗೆ. ತಾನಾಗಿ ಕೆಟ್ಟರೆ ಅದು ಬರುವುದಿಲ್ಲ. ರಸ್ತೆ ಸಹಾಯ ಬೇಕಾದರೆ ಆಡ್-ಆನ್ ತೆಗೆದುಕೊಳ್ಳಬೇಕು, ಅಥವಾ ಬೈಕ್ ಕಂಪನಿಯ ಯೋಜನೆ ಇರಬೇಕು. ಎಷ್ಟು ಕಿಲೋಮೀಟರ್ ತನಕ ಉಚಿತವಾಗಿ ಸಾಗಿಸುತ್ತಾರೆ, ಬೆಟ್ಟದ ಪ್ರದೇಶಕ್ಕೆ ಬರುತ್ತಾರಾ, ಇವೆರಡನ್ನು ಹೊರಡುವ ಮೊದಲೇ ಫೋನ್ ಮಾಡಿ ಕೇಳಿ.

ಹಿಂದಿ ಅಷ್ಟಾಗಿ ಬರುವುದಿಲ್ಲ. ಕಷ್ಟವಾಗುತ್ತಾ?

ಇಲ್ಲ. ಜಾಬ್ ಕಾರ್ಡ್, ವಾರಂಟಿ, ಕ್ಲೇಮ್, ಎಸ್ಟಿಮೇಟ್ ಎಲ್ಲ ಕಡೆಯೂ ಅದೇ ಮಾತುಗಳು. "ಜಾಬ್ ಕಾರ್ಡ್ ಬನಾ ದೀಜಿಯೇ", "ಲಿಖ್ ಕೇ ದೀಜಿಯೇ" ಈ ಎರಡು ವಾಕ್ಯ ಬಾಯಿಗೆ ಬಂದರೆ ಸಾಕು.

ಲಡಾಖ್, ಜಮ್ಮು ಕಾಶ್ಮೀರದಲ್ಲಿ ನಮ್ಮ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ. ಗುಂಪಿನಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಆರ್‌ಸಿ, ಇನ್ಶೂರೆನ್ಸ್, ಸರ್ವಿಸ್ ಬಿಲ್‌ಗಳನ್ನು ಡೌನ್‌ಲೋಡ್ ಮಾಡಿ ಫೋನಿನಲ್ಲೇ ಇಡಿ. ಡಿಜಿಲಾಕರ್ ತೆರೆಯಲು ನೆಟ್‌ವರ್ಕ್ ಸಿಗದ ಜಾಗದಲ್ಲೇ ಬೈಕ್ ನಿಲ್ಲಬಹುದು.

ಊರಿಗೆ ಬಂದೆ. ಕಂಪನಿ ಕೈತೊಳೆದುಕೊಂಡಿದೆ. ಸಿವನಿಗೋ ಮನಾಲಿಗೋ ಹೋಗಿ ಕೇಸ್ ಹಾಕಬೇಕಾ?

ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸವಾರರಿಗೆ ಬಹಳ ಉಪಯೋಗದ ಬದಲಾವಣೆ ಇದೇ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹುಬ್ಬಳ್ಳಿಯವರು ಧಾರವಾಡ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಆಯಿತು. ಕೊಟ್ಟ ಬೆಲೆ 50 ಲಕ್ಷದ ತನಕ ಇದ್ದರೆ ಜಿಲ್ಲಾ ಆಯೋಗವೇ ನೋಡುತ್ತದೆ, 5 ಲಕ್ಷದ ತನಕ ಶುಲ್ಕ ಇಲ್ಲ. ಹೆಚ್ಚಿನ ಬೈಕ್‌ಗಳು ಅಷ್ಟರೊಳಗೇ ಬರುತ್ತವೆ. ವಕೀಲರು ಬೇಕೇ ಬೇಕು ಅಂತಿಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ದೂರು ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ. ಕೋರ್ಟ್ ಹಂತಕ್ಕೆ ಹೋಗದೆ ಇಲ್ಲೇ ಬಗೆಹರಿಯುವುದೂ ಉಂಟು. ಟೋಯಿಂಗ್, ಲಾಡ್ಜ್, ರೈಲು ಟಿಕೆಟ್ ಬಿಲ್‌ಗಳನ್ನೂ ಇಟ್ಟುಕೊಳ್ಳಿ. ವಾರಂಟಿ ಪುಸ್ತಕದಲ್ಲಿ ಅವು ಸಿಗುವುದಿಲ್ಲ ಅಂತ ಬರೆದಿರುತ್ತದೆ, ಆದರೆ ಆಯೋಗದ ಮುಂದೆ ಪರಿಹಾರವಾಗಿ ಕೇಳಬಹುದು.

ರಿಪೇರಿ ಆದ ಬೈಕಿನಲ್ಲಿ ಅದೇ ತೊಂದರೆ ಮತ್ತೆ ಬಂದರೆ?

ಮತ್ತೆ ಹೊಸ ಜಾಬ್ ಕಾರ್ಡ್ ಮಾಡಿಸಿ. ಅದರಲ್ಲಿ ಹಳೆಯ ಕಾರ್ಡಿನ ನಂಬರ್, ದಿನಾಂಕ, ಊರು ಬರೆಸಿ, "ಅದೇ ದೋಷ ಮರುಕಳಿಸಿದೆ" ಎಂಬ ಮಾತು ಸೇರಿಸಿ. ವಾರಂಟಿ ಮುಗಿದ ಮೇಲೆ ಬಂದರೂ, ದೋಷ ಅವಧಿಯೊಳಗೇ ಶುರುವಾಗಿತ್ತು ಅಂತ ತೋರಿಸಲು ಆ ಹಳೆಯ ಕಾರ್ಡ್ ಬೇಕಾಗುತ್ತದೆ. ಬದಲಾಯಿಸಿದ ಭಾಗಕ್ಕೆ ಪ್ರತ್ಯೇಕ ವಾರಂಟಿ ಇದೆಯಾ ಎಂಬುದನ್ನು ಬೈಕ್ ಬಿಡಿಸಿಕೊಳ್ಳುವಾಗಲೇ ಬಿಲ್ ಮೇಲೆ ಬರೆಸಿಕೊಂಡು ಬನ್ನಿ.